ಬ್ರಿನ್ ಹೆಚ್ಚೋ, ಡೆಲಾನಿ ಹೆಚ್ಚೋ

ವೆರ್ನನ್ ಸ್ಟಕಿ ಹೊಟ್ಟೆಪಾಡಿಗೆ ಮಾಡುತ್ತಿದ್ದುದು ಹೀಟರ್ ರಿಪೇರಿ. ಆದರೆ ಇಂಡಿಯಾನಾದ ಆ ಪುಟ್ಟ ಊರಿನ ಜನ ಅವನನ್ನು ಗುರುತಿಸುತ್ತಿದ್ದುದು ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಅಂಕ ಬರೆಯುವವನೆಂದು. ಇಪ್ಪತ್ತಮೂರು ವರ್ಷದಿಂದ ಪಟ್ಟೆ ಅಂಗಿ ತೊಟ್ಟು, ಅಂಗಳದ ಪಕ್ಕದ ಮೇಜಿಗೆ ಕೂತು, ಯಾರು ಎಷ್ಟು ಹಾಕಿದರೆಂದು ದಪ್ಪ ಪುಸ್ತಕದಲ್ಲಿ ಬರೆಯುತ್ತಿದ್ದ. ಆ ಮೇಜಿಗೆ ಕೂತವರು ಚಪ್ಪಾಳೆ ತಟ್ಟುವಂತಿಲ್ಲ, ಕೂಗುವಂತಿಲ್ಲ. ಬಾಯಿಗೆ ಬೀಗ ಹಾಕಿಕೊಳ್ಳುವುದು ಅವನಂಥ ಮುಂಗೋಪಿಗೆ ಸುಲಭದ ಕೆಲಸವಲ್ಲ.

ಅದರಲ್ಲೂ ಈ ನಾಲ್ಕು ವರ್ಷ. ತಂಡದಲ್ಲಿ ಅಂಕದ ಹೊಳೆ ಹರಿಸುವವರು ಇಬ್ಬರು. ಡೆಲಾನಿ ಪ್ರೂಟ್ ದೂರದ ಗೆರೆಯಾಚೆ ನಿಂತು ಮೂರು ಮೂರು ಅಂಕ ಬಾಚುವವಳು. ಬ್ರಿನ್ ಗ್ರೇಬರ್ ಎದುರಾಳಿಗಳ ಮೊಣಕೈ ಏಟು ತಿನ್ನುತ್ತಲೇ ಬುಟ್ಟಿಯ ಬುಡಕ್ಕೆ ನುಗ್ಗುವವಳು. ಬ್ರಿನ್ ವೆರ್ನನ್‌ನ ಅಕ್ಕ ಲೊರೀನಳ ಮಗಳು.

ಲೈಲ್‌ನ ಕ್ಷೌರದಂಗಡಿಯಲ್ಲಿ ಚಳಿಗಾಲವಿಡೀ ಇಬ್ಬರಲ್ಲಿ ಯಾರು ಹೆಚ್ಚೆಂಬುದೇ ಪಂಚಾಯಿತಿ. ಡೆಲಾನಿ ಹನ್ನೆರಡು ಎಸೆತದಲ್ಲಿ ಇಪ್ಪತ್ತು ಅಂಕ ತೆಗೆದರೆ ಬ್ರಿನ್‌ಗೆ ಇಪ್ಪತ್ತು ಎಸೆತ ಬೇಕು ಎಂದು ಲೈಲ್ ಕತ್ತರಿ ಆಡಿಸುತ್ತಲೇ ಕೆಣಕುತ್ತಿದ್ದ. ಬ್ರಿನ್ ಮೇಲೆ ಇಬ್ಬಿಬ್ಬರು ಮುಗಿಬೀಳುವುದರಿಂದಲೇ ಡೆಲಾನಿಗೆ ಜಾಗ ಸಿಗುವುದೆಂದು ವೆರ್ನನ್‌ಗೆ ಗೊತ್ತಿತ್ತು. ಹೇಳಿದರೆ, ಸೋದರಮಾವನಲ್ಲವೇ ಎಂದು ನಗುತ್ತಿದ್ದರು. ಒಮ್ಮೆ ತಡೆಯಲಾರದೆ ಅರ್ಧ ಕ್ಷೌರಕ್ಕೇ ಎದ್ದು ಬಂದು, ವಾರವಿಡೀ ಟೋಪಿ ತೆಗೆಯದೆ ಓಡಾಡಿದ.

ಫೆಬ್ರವರಿಯ ಕೊನೆಯ ಶನಿವಾರ ಮಧ್ಯಾಹ್ನ ಇಬ್ಬರಿಗೂ ಕಡೆಯ ಪಂದ್ಯ. ನಾಲ್ಕು ವರ್ಷದಲ್ಲಿ ಅತಿ ಹೆಚ್ಚು ಅಂಕ ಗಳಿಸಿದವಳ ಹೆಸರನ್ನು ಕ್ರೀಡಾಂಗಣದ ಗೋಡೆಯ ಮೇಲೆ ಬರೆಸುತ್ತಾರೆ, ಸಮನಾದರೆ ಇಬ್ಬರದೂ. ಮೂರು ಸೆಕೆಂಡ್ ಉಳಿದಾಗ ಡೆಲಾನಿಯದು 1,846, ಬ್ರಿನ್‌ಳದು 1,844. ಡೆಲಾನಿ ಎಸೆದ ಚೆಂಡು ಬುಟ್ಟಿಯ ಕಬ್ಬಿಣದ ಬಳೆಗೆ ಬಡಿದು ಮೇಲೆ ಹಾರಿತು. ಬ್ರಿನ್ ಜಿಗಿದಳು, ಎದುರು ತಂಡದ ಕೆಂಪಂಗಿಯ ಉದ್ದನೆಯ ಹುಡುಗಿಯೂ ಜಿಗಿದಳು. ಚೆಂಡು ಬುಟ್ಟಿಯೊಳಗೆ ಬಿತ್ತು, ಆಟ ಮುಗಿಯಿತು. ಮೈಕಿನವನು ಬ್ರಿನ್ ಹೆಸರನ್ನು ಕೂಗಿಯೇ ಬಿಟ್ಟ. ಜನವೆಲ್ಲ ಎದ್ದು ಕುಣಿಯಿತು.

ವೆರ್ನನ್ ಮಾತ್ರ ಪೆನ್ನು ಹಿಡಿದು ಕೂತೇ ಇದ್ದ. ಅವನು ಕಂಡದ್ದು ಚೆಂಡನ್ನು ಒಳಕ್ಕೆ ತಳ್ಳಿದ ಕೆಂಪಂಗಿಯವಳ ಕೈ. ಎದುರಾಳಿ ತಾನೇ ತಪ್ಪಿ ಹಾಕಿಕೊಂಡ ಅಂಕ ಬ್ರಿನ್‌ಳ ತಂಡಕ್ಕೆ ಸೇರುತ್ತದೆ, ಯಾವ ಹುಡುಗಿಯ ಹೆಸರಿಗೂ ಅಲ್ಲ. ಸಹಿ ಹಾಕಲು ಬಂದ ರೆಫರಿ, ಯಾರದೆಂದು ಬರೆಯುವುದು ನಿನ್ನ ಕೆಲಸ ಎಂದು ಕೈ ತೊಳೆದುಕೊಂಡ. ವೆರ್ನನ್ ಬ್ರಿನ್‌ಳನ್ನು ಮೇಜಿನ ಹತ್ತಿರ ಕರೆದ.

“ಮುಟ್ಟಿದ್ಯಾ?”

ಅವಳು ಅಮ್ಮನ ಕಡೆ ನೋಡಿದಳು, ಗೋಡೆ ಕಡೆ ನೋಡಿದಳು. “ಉಗುರಿಗೇನೋ ತಾಗ್ದಂಗಾಯ್ತು ಮಾಮ.”

“ತಾಗ್ದಂಗಾಯ್ತೋ, ತಾಗ್ತೋ?”

ಬ್ರಿನ್ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಳು. “ಅಮ್ಮಂಗೆ ನೀನೇ ಹೇಳು. ನಾನಂತೂ ಹೇಳಲ್ಲ.”

ವೆರ್ನನ್ ಕಾಗದ ಹರಿಯುವಷ್ಟು ಒತ್ತಿ, ತಂಡದ ಹೆಸರಿಗೆ ಎರಡು ಅಂಕ ಬರೆದ. ರೆಫರಿಗೆ ಎಂದೂ ಹೆದರದವನು ಅಕ್ಕನಿಗೆ ಹೆದರುತ್ತಿದ್ದ. ಮೊದಲ ಸಾಲಿನಲ್ಲಿ ಲೊರೀನ್ ಹೂಗುಚ್ಛ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದಳು. ಅವನು ಎದುರು ನಿಂತು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳೇ ಬಾಯಿಬಿಟ್ಟಳು.

“ಆ ಕೆಂಪಂಗಿಯೋಳ ಕೈ ನಂಗೂ ಕಾಣ್ತು. ನಿಂಗೆ ಕಾಣದೆ ಇರ್ಲಿ ಅಂತ ಬೇಡ್ಕೋತಾ ಕೂತಿದ್ದೆ.”

ಅವನ ಕಾಲರ್ ಸರಿಮಾಡುತ್ತಾ ಹೇಳಿದಳು: “ನಾಳೆ ಊಟಕ್ಕೆ ಬಾ. ಆದ್ರೆ ತಡವಾಗಿ ಬಾ, ಬ್ರಿನ್ ತಿಂದು ಎದ್ಮೇಲೆ.”