ಹಿಮ್ಮುಳ್ಳು ಒತ್ತುವ ಕ್ರಮ

ನಾನು ಸಾಲ್ಮನ್ ಮೀನನ್ನು ಕಣ್ಣಾರೆ ನೋಡಿಲ್ಲ. ನಮ್ಮ ವರ್ಕ್‌ಶಾಪಿನ ಹದಿನೆಂಟು ಹೆಂಗಸರಲ್ಲಿ ಒಬ್ಬರೂ ನೋಡಿಲ್ಲ. ಆದರೂ ಉತ್ತರದ ಚಳಿ ದೇಶಗಳ ನದಿಗಳಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಆ ಮೀನಿಗಾಗಿ ಗಾಳ ಬೀಸುವವರ ಪೆಟ್ಟಿಗೆ ತೆರೆದರೆ, ಆಫ್ರಿಕಾದ ಎಂಬಕಸಿ ಕಡೆಯ ನಮ್ಮ ತಗಡು ಚಾವಣಿಯ ಕೆಳಗೆ ಕಟ್ಟಿದ್ದು ಒಂದಾದರೂ ಸಿಗಬಹುದು. ಈ ಮಾತನ್ನು ನಾನು ಯಾರ ಮುಂದೆಯೂ ಸಂಕೋಚವಿಲ್ಲದೆ ಹೇಳುತ್ತೇನೆ.

ನಾವು ಮಾಡುವ ವಸ್ತುವಿನ ಹೆಸರು ಫ್ಲೈ. ಬರಿಯ ಗಾಳದ ಮೇಲೆ ದಾರ, ಹಕ್ಕಿಯ ಗರಿ, ಪ್ರಾಣಿಯ ಕೂದಲು, ಬೆಳ್ಳಿಯ ಜರಿ ಸುತ್ತಿ, ನೀರಿನಲ್ಲಿ ಅದೊಂದು ಜೀವ ಎನ್ನುವ ಹಾಗೆ ಮಾಡುವುದು. ಮೆಷಿನ್ನಿನಿಂದ ಆಗುವುದಿಲ್ಲ. ಒಂದೊಂದನ್ನೂ ಕೈಯಲ್ಲೇ ಕಟ್ಟಬೇಕು. ಮೇಜಿಗೆ ಬಿಗಿದ ಪುಟ್ಟ ವೈಸಿನ ಹಿಡಿತದಲ್ಲಿ ಗಾಳ ಸಿಕ್ಕಿಸಿ, ದೀಪ ಹತ್ತಿರಕ್ಕೆಳೆದುಕೊಂಡು ಕೂತರೆ, ನುರಿತವರಿಗೆ ಒಂದಕ್ಕೆ ಹತ್ತು ನಿಮಿಷ.

ಎಲ್ಲರಿಗಿಂತ ನುರಿತವರು ಕಿಟಕಿಯ ಪಕ್ಕದ ನಾಲ್ಕನೇ ಮೇಜಿನವರು. ಅವರನ್ನು ಎಲ್ಲರೂ ಶೋಶೋ ಎನ್ನುತ್ತಾರೆ. ಕಿಕುಯು ಮಾತಿನಲ್ಲಿ ಅಜ್ಜಿ ಎಂದು ಅರ್ಥ. ಎರಡು ಮಟಾಟು, ಅಂದರೆ ಬಾಡಿಗೆ ವ್ಯಾನು, ಬದಲಾಯಿಸಿ ಬರುತ್ತಾರೆ, ಆದರೂ ಎಲ್ಲರಿಗಿಂತ ಮೊದಲು ಅವರ ದೀಪವೇ ಹತ್ತಿರುತ್ತದೆ. ಕನ್ನಡಕ ಮೂಗಿನ ತುದಿಯಲ್ಲಿ, ದಾರ ಹಲ್ಲಿನ ನಡುವೆ. ಅವರು ಕಟ್ಟಿದ ಹನ್ನೆರಡು ಫ್ಲೈಗಳನ್ನು ಸಾಲಾಗಿ ಇಟ್ಟರೆ ಯಾವುದು ಮೊದಲನೆಯದು, ಯಾವುದು ಕೊನೆಯದು ಎಂದು ನಾನು ಲೆನ್ಸ್ ಹಿಡಿದು ನೋಡಿದರೂ ಹೇಳಲಾರೆ. ನೋಡುವುದೇ ನನ್ನ ಕೆಲಸ. ಅದಕ್ಕೂ ಮೊದಲು ಹದಿನೈದು ವರ್ಷ ಇದೇ ಊರಿನ ಔಷಧದ ಕಾರ್ಖಾನೆಯಲ್ಲಿ ಮಾತ್ರೆಗಳ ಗುಣಮಟ್ಟ ನೋಡುತ್ತಿದ್ದೆ. ಇಲ್ಲಿಗೆ ಬಂದಾಗ ಜೊತೆಗೆ ಸ್ಟಾಪ್‌ವಾಚು, ಫಾರಂಗಳು ಮತ್ತು ಸ್ವಲ್ಪ ಜಂಬವನ್ನೂ ತಂದಿದ್ದೆ. ಯಾವ ಪೆಟ್ಟಿಗೆ ಯಾವ ಮೇಜಿನಿಂದ ಬಂತು ಎಂದು ಚೀಟಿ ಹಾಕುವ ಪದ್ಧತಿ ನಾನೇ ಶುರು ಮಾಡಿದ್ದು.

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಸ್ಕಾಟ್ಲೆಂಡಿನ ಒಂದು ನದಿಯವರು ನಮಗೆ ದೊಡ್ಡ ಆರ್ಡರ್ ಕೊಟ್ಟರು. ಆ ನದಿಯಲ್ಲಿ ಕಾಡು ಸಾಲ್ಮನ್ ಕಡಿಮೆಯಾಗುತ್ತಿದೆ. ಸಮುದ್ರದಿಂದ ತಾನು ಹುಟ್ಟಿದ ಹೊಳೆಗೆ ಮೊಟ್ಟೆಯಿಡಲು ವಾಪಸು ಬರುವ ಮೀನು ಅದು. ಹಿಡಿದವರು ಅದನ್ನು ಮತ್ತೆ ನೀರಿಗೇ ಬಿಡಬೇಕು ಎಂದು ಅವರ ನಿಯಮ. ಗಾಳದ ತುದಿಯ ಬಳಿ ಹಿಮ್ಮುಖವಾಗಿ ನಿಂತ ಒಂದು ಸಣ್ಣ ಮುಳ್ಳಿರುತ್ತದೆ. ನಾವು ಅದನ್ನು ಹಿಮ್ಮುಳ್ಳು ಎನ್ನೋಣ. ಬಿಡಿಸುವಾಗ ಮೀನಿನ ಬಾಯಿ ಹರಿಯುವುದು ಅದರಿಂದ. ಹಾಗಾಗಿ ಹಿಮ್ಮುಳ್ಳು ಇರಕೂಡದು ಎಂದು ಬರೆದಿದ್ದರು. ಹಿಮ್ಮುಳ್ಳಿಲ್ಲದ ಗಾಳಗಳು ಸಮಯಕ್ಕೆ ಬರಲಿಲ್ಲ. ಇದ್ದ ಗಾಳಗಳ ಹಿಮ್ಮುಳ್ಳನ್ನೇ ಇಕ್ಕಳದಲ್ಲಿ ಒತ್ತಿ ಮಟ್ಟಸ ಮಾಡುವುದು ಎಂದಾಯಿತು.

ಶೋಶೋ ಬರಿಯ ಗಾಳವನ್ನು ಮೊದಲು ಒತ್ತಿ, ಆಮೇಲೆ ಕಟ್ಟುವವರು. ಪ್ರತಿಯೊಬ್ಬರೂ ಹಾಗೆ ಮಾಡಿದರೆ ಪ್ರತಿ ಫ್ಲೈಗೂ ಒಮ್ಮೆ ಕೈ ನಿಲ್ಲಿಸಿ ಇಕ್ಕಳ ಹಿಡಿಯಬೇಕು. ನಾನು ಸ್ಟಾಪ್‌ವಾಚು ಹಿಡಿದು ನೋಡಿದೆ. ಎಲ್ಲರೂ ಕಟ್ಟಲಿ, ಕೊನೆಗೆ ಒಂದೇ ಮೇಜಿನಲ್ಲಿ ಒಟ್ಟಿಗೆ ಒತ್ತಲಿ ಎಂದು ಕ್ರಮ ಬದಲಾಯಿಸಿ, ಫಾರಂ ತುಂಬಿ, ಸಹಿ ಹಾಕಿದೆ. ಕೈ ಗಟ್ಟಿಯಿದ್ದವರು ಅಂತ ಒತ್ತುವ ಕೆಲಸವನ್ನು ಶೋಶೋಗೇ ಕೊಟ್ಟೆ.

"ಮ್ಯಾಡಮ್, ಇದು ತಲೆಕೆಳಗು," ಎಂದರು ಶೋಶೋ. "ಮುರಿಯೋದಾದ್ರೆ ಬೆತ್ತಲೆ ಇರುವಾಗಲೇ ಮುರೀಲಿ. ಬಟ್ಟೆ ಹಾಕಿದ ಮೇಲೆ ನನಗೆ ನೆಟ್ಟಗೆ ಹಿಡಿಯೋಕೆ ಬರಲ್ಲ."

"ಸವಾ, ಮಾಮಾ. ಈ ಒಂದು ಸಲ ಹೀಗೆ ಮಾಡೋಣ," ಎಂದೆ. ಸವಾ ಎಂದರೆ ಸರಿ, ಮಾಮಾ ಎಂದರೆ ಇಲ್ಲಿನವರ ಬಾಯಲ್ಲಿ ಅಮ್ಮ.

"ಸವಾ," ಎಂದು ಅವರು ಇಕ್ಕಳ ಕೈಗೆ ತೆಗೆದುಕೊಂಡರು.

ಕಟ್ಟಿದ ಫ್ಲೈಯಲ್ಲಿ ಗರಿ ಗಾಳದ ಬಾಗಿನ ತನಕ ಇಳಿದಿರುತ್ತದೆ. ಗರಿ ಜಜ್ಜಬಾರದು ಎಂದರೆ ಇಕ್ಕಳವನ್ನು ಅಡ್ಡ ಹಿಡಿಯಬೇಕು. ಅಡ್ಡ ಒತ್ತಿದರೆ ಹಿಮ್ಮುಳ್ಳು ಮಟ್ಟಸವೇನೋ ಆಗುತ್ತದೆ. ಅದರ ಬುಡದಲ್ಲಿ ಏನಾಗುತ್ತದೆ ಎನ್ನುವುದು ಕಣ್ಣಿಗೆ ಕಾಣುವುದಿಲ್ಲ. ನಾನು ಹತ್ತಿಯ ಎಳೆಯನ್ನು ತುದಿಯ ಮೇಲೆ ಎಳೆದು ನೋಡಿದೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಎಲ್ಲ ಸರಿ ಎಂದು ಬರೆದೆ. ಒತ್ತಿದ ಮೇಜು, ನಾಲ್ಕು, ಎಂದೂ ಬರೆದೆ.

ಎರಡು ತಿಂಗಳ ನಂತರ ಒಂದು ಮಂಗಳವಾರ ಮಧ್ಯಾಹ್ನ ಆ ನದಿಯವರು ವಿಡಿಯೋ ಕರೆ ಮಾಡಿದರು. ಆಫೀಸಿನಲ್ಲಿ ನಾನು ಮತ್ತು ಮಾಲೀಕರು ಇದ್ದೆವು. ಮಾಲೀಕರು ಮೂರು ತಲೆಮಾರಿನಿಂದ ಇಲ್ಲೇ ಇರುವ ಗುಜರಾತಿ ಹಿರಿಯರು. ನಾವು ಅವರನ್ನು ಕಾಕಾ ಎನ್ನುತ್ತೇವೆ, ಅವರು ನನ್ನನ್ನು ಬೆನ್, ಅಂದರೆ ತಂಗಿ, ಎನ್ನುತ್ತಾರೆ. ಪರದೆಯಲ್ಲಿ ಉಣ್ಣೆ ಟೋಪಿಯ ಒಬ್ಬ ವಯಸ್ಸಾದ ಮನುಷ್ಯ. ಆ ನದಿಯನ್ನು ಕಾಯುವುದು ಅವರ ಉದ್ಯೋಗ. ಅವರು ಒಂದು ಫೋಟೋ ತೋರಿಸಿದರು. ಬಲೆಯೊಳಗೆ, ನೀರಿನಲ್ಲೇ ಇರುವ ಮೀನು. ಅದರ ದವಡೆಯಲ್ಲಿ ಗಾಳದ ಮುರಿದ ತುದಿ. ಬಿಡಿಸಲು ಹೋದಾಗ ಹಿಮ್ಮುಳ್ಳಿದ್ದ ಜಾಗದಲ್ಲೇ ಪಟಕ್ಕನೆ ಮುರಿದು ಒಳಗೆ ಉಳಿಯಿತಂತೆ. ಬೇರೆ ಮೂರು ಫ್ಲೈಗಳೂ ಹಾಗೇ ಮುರಿದಿದ್ದವು. ಅವರು ಕೂಗಾಡಲಿಲ್ಲ. "ಈಗ ಇಲ್ಲಿ ಒಂದೊಂದು ಮೀನಿಗೂ ಕಾಯುತ್ತ ನಿಲ್ಲುತ್ತೇವೆ," ಎಂದಷ್ಟೇ ಹೇಳಿದರು.

ಕಾಕಾ ನನ್ನ ಕಡೆ ತಿರುಗಿದರು. "ಬೆನ್, ಒತ್ತಿದ್ದು ಯಾರು?"

ನಾನು ರಿಜಿಸ್ಟರ್ ತೆಗೆದೆ. "ನಾಲ್ಕನೇ ಮೇಜು," ಎಂದೆ. ಅದು ಸುಳ್ಳಲ್ಲ.

ಶೋಶೋರನ್ನು ಕರೆಸಿದರು. "ಇಷ್ಟು ವರ್ಷ ಆದ ಮೇಲೆ ಇದೇನು? ಕಣ್ಣು ಹೋಯ್ತಾ? ನಾಳೆಯಿಂದ ಪ್ಯಾಕಿಂಗಿಗೆ ಹೋಗಿ. ಮೇಜಿನ ವಿಷಯ ಆಮೇಲೆ ಯೋಚನೆ ಮಾಡ್ತೀನಿ," ಎಂದರು ಕಾಕಾ. ಶೋಶೋ ಅವರ ಕಡೆಗಾಗಲಿ ನನ್ನ ಕಡೆಗಾಗಲಿ ನೋಡಲಿಲ್ಲ. ಪರದೆಯ ಮೇಲಿದ್ದ ಫೋಟೋ ನೋಡುತ್ತಿದ್ದರು. "ಆ ಮೀನು ಈಗ ಎಲ್ಲಿದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಗೊತ್ತಿಲ್ಲ. ಬಿಟ್ಟುಬಿಟ್ಟೆ. ಮೇಲಕ್ಕೆ ಈಜಿಕೊಂಡು ಹೋಯಿತು," ಎಂದರು ನದಿ ಕಾಯುವವರು.

ಶೋಶೋ ತಲೆಯಾಡಿಸಿ ಹೊರಗೆ ಹೋದರು. ಕಾಕಾ ಕೇಳಿದಲ್ಲಿಂದ ಶೋಶೋ ಬಾಗಿಲು ದಾಟುವವರೆಗೆ ಎಷ್ಟು ಹೊತ್ತಾಗಿರಬಹುದು ಎಂದು ಆಮೇಲೆ ಹಲವು ಸಲ ಲೆಕ್ಕ ಹಾಕಿದ್ದೇನೆ. ಹತ್ತು ನಿಮಿಷ. ನಾನು ಬಾಯಿ ಬಿಡಬಹುದಾಗಿದ್ದ ಹತ್ತು ನಿಮಿಷ. ನನ್ನ ಸಹಿ ಇದ್ದ ಫಾರಂ ಅದೇ ರಿಜಿಸ್ಟರಿನೊಳಗೆ ಮಡಿಸಿ ಇತ್ತು. ನನ್ನ ಬೆರಳು ಅದರ ಮೇಲೆಯೇ ಇತ್ತು.

ಸಂಜೆ ರಿವರ್‌ಸೈಡ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಊಟಕ್ಕೆ ಕೂತಾಗ ಹೇಳಿದೆ. ನನ್ನ ಗಂಡ ಈಗಲೂ ಔಷಧದ ಕಂಪನಿಯಲ್ಲೇ ಇದ್ದಾರೆ. ಸಾರಿನ ಪಾತ್ರೆಯಿಂದ ಕಣ್ಣೆತ್ತದೆ ಕೇಳಿದರು, "ಚೇಂಜ್ ಫಾರಂ ಮೇಲೆ ಯಾರ ಸಹಿ ಇದೆ?"

"ನನ್ನದೇ."

"ಮತ್ತೆ ಮೇಜಿನ ನಂಬರ್ ಯಾಕೆ ಓದಿದೆ?"

"ಕೇಳಿದ್ದು ಅದನ್ನೇ, ರೀ."

"ದಟ್ಸ್ ಸೋ ನಾಟ್ ಓಕೆ, ಅಮ್ಮ," ಎಂದಳು ಮಗಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಶೀ ಟೋಲ್ಡ್ ಯೂ ಫಸ್ಟ್, ನೋ?"

"ಹೇಳಿದ್ದರು."

ತಟ್ಟೆ ಎತ್ತಿಟ್ಟು, ಬೆಳಗಿನ ಐದಕ್ಕೆ ಅಲಾರಂ ಇಟ್ಟೆ.

ಮರುದಿನ ಏಳು ಗಂಟೆಗೆ ವರ್ಕ್‌ಶಾಪಿನ ಬೀಗ ನಾನೇ ತೆಗೆಸಿದೆ. ನಾಲ್ಕನೇ ಮೇಜಿನ ದೀಪ ಹತ್ತಿರಲಿಲ್ಲ. ಹಾಗೆ ನೋಡಿದ್ದು ಅದೇ ಮೊದಲು. ಅಲ್ಲೇ ಕೂತೆ. ಇಪ್ಪತ್ತು ಬರಿಯ ಗಾಳಗಳನ್ನು ನೆಟ್ಟಗೆ ಹಿಡಿದು ಒತ್ತಿದೆ. ಎರಡು ಗಾಳ ಕೈಯಲ್ಲೇ ಮುರಿದವು. ಉಳಿದ ಹದಿನೆಂಟರಲ್ಲಿ ದೊಡ್ಡ ಲೆನ್ಸಿನ ಕೆಳಗೂ ಗೆರೆಯಿಲ್ಲ. ಆಮೇಲೆ ಕಟ್ಟಿದ ಇಪ್ಪತ್ತು ಫ್ಲೈಗಳನ್ನು ಅಡ್ಡ ಹಿಡಿದು ಒತ್ತಿದೆ. ಕೈಯಲ್ಲಿ ಒಂದೂ ಮುರಿಯಲಿಲ್ಲ. ಲೆನ್ಸಿನ ಕೆಳಗೆ ಐದರಲ್ಲಿ ಹಿಮ್ಮುಳ್ಳಿನ ಬುಡದಲ್ಲಿ ಕೂದಲಿಗಿಂತ ಸಣ್ಣ ಬಿರುಕು ಕಂಡಿತು. ಮುರಿಯಬೇಕಾದದ್ದು ಮೇಜಿನ ಮೇಲೆ ಮುರಿಯದೆ ನದಿಯವರೆಗೂ ಹೋಗಿತ್ತು. ಶೋಶೋ ಒಂದೇ ಮಾತಿನಲ್ಲಿ ಹೇಳಿದ್ದೂ ಇದನ್ನೇ.

ಕಾಕಾ ಬಂದ ಕೂಡಲೇ ಲೆನ್ಸಿನ ಮುಂದೆ ಕೂರಿಸಿದೆ. ಫಾರಂ ತೆಗೆದು ಪಕ್ಕದಲ್ಲಿಟ್ಟೆ. ಅವರು ಬಿರುಕು ನೋಡಿದರು, ಸಹಿ ನೋಡಿದರು, ಮತ್ತೆ ಬಿರುಕು ನೋಡಿದರು.

"ಬೆನ್, ಇದನ್ನ ನಿನ್ನೆ ಯಾಕೆ ಹೇಳಲಿಲ್ಲ?"

"ಹೆದರಿದೆ, ಕಾಕಾ."

"ನನಗಾ?" ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನನಗೆ ನನ್ನ ಮನೆಯ ನಾಯೀನೂ ಹೆದರಲ್ಲ," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಆ ಹೆಂಗಸಿಗೆ ಕಣ್ಣು ಹೋಯ್ತಾ ಅಂದೆನಲ್ಲ," ಎಂದು ಹಣೆ ಒತ್ತಿಕೊಂಡರು.

ನದಿ ಕಾಯುವವರಿಗೆ ಮತ್ತೆ ಕರೆ ಮಾಡಿದೆವು. ಈ ಸಲ ಬಾಗಿಲು ತೆರೆದಿಟ್ಟು, ಎಲ್ಲ ಮೇಜಿನವರಿಗೂ ಕೇಳುವ ಹಾಗೆ ನಾನೇ ಹೇಳಿದೆ. ಕ್ರಮ ಬದಲಾಯಿಸಿದ್ದು ನಾನು, ಬೇಡ ಎಂದದ್ದು ನಾಲ್ಕನೇ ಮೇಜಿನವರು, ಕೇಳದೇ ಇದ್ದದ್ದು ನಾನು. ಹಳೆಯ ಪೆಟ್ಟಿಗೆಗಳನ್ನು ಬಳಸಬೇಡಿ, ಎಲ್ಲವನ್ನೂ ಹೊಸದಾಗಿ ಕಟ್ಟಿ ಕಳಿಸುತ್ತೇವೆ ಎಂದೆ. ಅವರು ಎಲ್ಲವನ್ನೂ ಬರೆದುಕೊಂಡರು. ಆಮೇಲೆ ನಾನು ನಿರೀಕ್ಷಿಸದ ಮಾತು ಕೇಳಿದರು. ಅವರ ನದಿಗೆ ಬರುವವರಲ್ಲಿ ಬಹಳ ಜನ ತಮ್ಮ ಹಳೆಯ ಗಾಳಗಳನ್ನು ದಡದಲ್ಲೇ ನಿಂತು ಇಕ್ಕಳದಲ್ಲಿ ಒತ್ತುತ್ತಾರಂತೆ, ಮನಸ್ಸಿಗೆ ಬಂದ ಹಾಗೆ, ಅಡ್ಡವಾಗಿ. "ಆ ಮಹಿಳೆ ಸರಿಯಾಗಿ ಒತ್ತುವುದನ್ನು ವಿಡಿಯೋ ಮಾಡಿ ಕಳಿಸುತ್ತೀರಾ? ಇಲ್ಲಿ ಎಲ್ಲರಿಗೂ ತೋರಿಸಬೇಕು."

ಪ್ಯಾಕಿಂಗ್ ಮೂಲೆಯಲ್ಲಿ ಶೋಶೋ ರಟ್ಟಿನ ಡಬ್ಬಿ ಮಡಿಸುತ್ತಿದ್ದರು. ಅವುಗಳನ್ನೂ ಎಷ್ಟು ನೇರವಾಗಿ ಜೋಡಿಸಿದ್ದರು! ನಾನು ಹತ್ತಿರ ಹೋಗಿ, "ಪೋಲೆ ಸಾನಾ, ಮಾಮಾ," ಎಂದೆ. ಬಹಳ ಕ್ಷಮಿಸಿ ಎಂದು.

"ಎಷ್ಟು ದಿನ ತಗೋತೀಯೋ ನೋಡೋಣ ಅಂತಿದ್ದೆ, ಬಿಂಟಿ." ಬಿಂಟಿ ಎಂದರೆ ಮಗಳು. ಅದುವರೆಗೆ ನಾನು ಅವರಿಗೆ ಮ್ಯಾಡಮ್ ಆಗಿದ್ದೆ. "ಒಂದೇ ದಿನ. ಓದಿದವರಿಗೆ ಪರವಾಗಿಲ್ಲ."

ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು.

"ನಿನ್ನೆ ಯಾಕೆ ನೀವೇ ಹೇಳಲಿಲ್ಲ?"

"ನಿನ್ನ ಹತ್ತಿರ ಕಾಗದ ಇತ್ತು. ನನ್ನ ಹತ್ತಿರ ಬಾಯಿ ಮಾತ್ರ. ಬಾಸ್ ಯಾವುದನ್ನ ನಂಬ್ತಾನೆ?"

ಅವರ ಮೇಜು ಅವರಿಗೇ, ಇವತ್ತೇ ವಾಪಸು ಬನ್ನಿ ಎಂದು ಕಾಕಾ ಹೇಳಿಕಳಿಸಿದ್ದರು. ಶೋಶೋ ಎದ್ದೇಳಲಿಲ್ಲ. ಇನ್ನೊಂದು ಡಬ್ಬಿ ಮಡಿಸಿದರು. "ಹಪಾನಾ," ಎಂದರು. ಇಲ್ಲ. "ಹಾಗೇ ಬರಲ್ಲ. ನಾನು ನಿಲ್ಲಿಸಿ ಅಂದ್ರೆ ಕೆಲಸ ನಿಲ್ಲಬೇಕು. ನೀನೂ ನಿಲ್ಲಬೇಕು, ಬಾಸೂ ನಿಲ್ಲಬೇಕು. ಯಾಕೆ ಅಂತ ಆಮೇಲೆ ಕೇಳಿ. ಅದನ್ನ ನಿನ್ನ ಫಾರಮ್ಮಿನಲ್ಲೇ ಬರಿ. ಬಾಸ್ ಸಹಿ ಹಾಕಲಿ."

ನಾನು ಬರೆದೆ. ಕಾಕಾ ಎರಡು ಸಲ ಓದಿದರು. "ಇದು ಭಾರೀ ಆಯ್ತು," ಎಂದು ಗೊಣಗಿದರು. ಶೋಶೋ ಕೈ ಕಟ್ಟಿಕೊಂಡು ಕಾದರು. ಕಾಕಾ ಸಹಿ ಹಾಕಿದ ಮೇಲೆ ಶೋಶೋ ಪೆನ್ನು ಇಸಿದುಕೊಂಡು ಅದರ ಕೆಳಗೆ ತಮ್ಮ ಹೆಸರನ್ನೂ ಬರೆದರು.

ವಿಡಿಯೋ ನಾನೇ ತೆಗೆದೆ, ಮಗಳ ಹಳೆಯ ಫೋನಿನಲ್ಲಿ. ಮುಖ ಬೇಡ ಎಂದರು ಶೋಶೋ, ಕೈ ಮಾತ್ರ. ಹೆಬ್ಬೆರಳಿನ ಉಗುರು ಚೂಪಾಗಿ ಕತ್ತರಿಸಿದ್ದು, ತೋರುಬೆರಳಿನಲ್ಲಿ ದಾರ ಕೊರೆದ ಹಳೆಯ ಗೀರು, ಗಾಳದ ಉದ್ದಕ್ಕೇ ನೆಟ್ಟಗೆ ಹಿಡಿದ ಇಕ್ಕಳ, ಒಮ್ಮೆಲೇ ಅಲ್ಲದೆ ನಿಧಾನವಾಗಿ ಬಿಗಿಯುವ ಮುಷ್ಟಿ. ಮೂರನೆಯ ಗಾಳ ಮುರಿಯಿತು. ಅಳಿಸಲೇ ಎಂದು ಕೇಳಿದೆ. "ಯಾಕೆ? ಇದು ಮುರಿಯೋದು ಇಲ್ಲೇ ಅಂತ ಅವರಿಗೂ ಗೊತ್ತಾಗಲಿ," ಎಂದರು. ಅದು ಹಾಗೆಯೇ ಹೋಯಿತು. ವಾರದ ನಂತರ ಆ ನದಿಯ ದಡದ ಮರದ ಗುಡಿಸಲಿನಲ್ಲಿ ಐದಾರು ಜನ ಉದ್ದ ಬೂಟಿನವರು ಒಂದು ಪರದೆಯ ಮುಂದೆ ಬಗ್ಗಿ ನಿಂತು ಶೋಶೋ ಅವರ ಕೈ ನೋಡುತ್ತಿರುವ ಫೋಟೋ ಬಂತು. ಶೋಶೋ ಅದನ್ನು ತಮ್ಮ ಮೊಬೈಲಿಗೆ ಹಾಕಿಸಿಕೊಂಡರು. ಮಟಾಟುವಿನ ಕಂಡಕ್ಟರಿಗೂ ತೋರಿಸಿದರಂತೆ.

ಹೊಸ ಫ್ಲೈಗಳು ಆರು ವಾರದಲ್ಲಿ ತಯಾರಾದವು. ಮೊದಲು ಒತ್ತಿ, ಆಮೇಲೆ ಕಟ್ಟಿದ್ದು. ಕೊನೆಯ ದಿನ ಮಧ್ಯಾಹ್ನ ಏರ್‌ಪೋರ್ಟಿನ ಕಾರ್ಗೋ ವ್ಯಾನು ಬಾಗಿಲಿಗೆ ಬಂದು ನಿಂತಿತ್ತು. ಕೊನೆಯ ನಾಲ್ಕು ಡಬ್ಬಿ ಮುಚ್ಚುವುದಷ್ಟೇ ಬಾಕಿ. ಆಗ ಶೋಶೋ ಎದ್ದು ನಿಂತು, "ನಿಲ್ಲಿಸಿ," ಎಂದರು. ಗಟ್ಟಿಯಾಗಿ ಕೂಗಲೂ ಇಲ್ಲ.

ಹದಿನೇಳು ಜನರ ಕೈ ನಿಂತಿತು. ವ್ಯಾನಿನವನು ಹಾರ್ನ್ ಒತ್ತಿದ. ಕಾಕಾ ಆಫೀಸಿನಿಂದ ಹೊರಬಂದು ನನ್ನ ಮುಖ ನೋಡಿದರು. ನನಗೂ ಕಾರಣ ಗೊತ್ತಿರಲಿಲ್ಲ. "ನಿಲ್ಲಿಸಿದ್ದಾರೆ, ಕಾಕಾ," ಎಂದೆ.

"ವಿಮಾನ ಹೋಗುತ್ತೆ."

"ಹೋಗುತ್ತೆ."

ಕಾಕಾ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತರು. ಶೋಶೋ ಆಮೇಲೆ ಕಾರಣ ಹೇಳಿದರು. ಕೊನೆಯ ನಾಲ್ಕು ಡಬ್ಬಿಗೆ ಬಳಸಿದ ಗಾಳಗಳು ಹೊಸ ಪ್ಯಾಕೆಟ್ಟಿನವು. ಬೆಳಗಿನಿಂದ ಒತ್ತುವಾಗ ಒಂದೂ ಮುರಿದಿರಲಿಲ್ಲ. "ಒಂದೂ ಮುರಿಯದೇ ಇರೋ ಪ್ಯಾಕೆಟ್ಟು ನಾನು ನೋಡಿಲ್ಲ. ಇದು ಮೆದು ಕಬ್ಬಿಣ. ಮೀನು ಎಳೆದರೆ ನೆಟ್ಟಗಾಗುತ್ತೆ." ಒಂದನ್ನು ವೈಸಿಗೆ ಸಿಕ್ಕಿಸಿ ಬೆರಳಿನಿಂದ ಎಳೆದು ತೋರಿಸಿದರು. ಅದು ಗುಂಡುಸೂಜಿಯಂತೆ ನೆಟ್ಟಗಾಯಿತು.

ನಾನು ಹೊರಗೆ ಹೋಗಿ ವ್ಯಾನಿನವನಿಗೆ, "ಅಸಾಂಟೆ, ನಾಳೆ ಬನ್ನಿ," ಎಂದು ಥ್ಯಾಂಕ್ಸ್ ಹೇಳಿ ಕಳಿಸಿದೆ. ಅವನು ಬೈದುಕೊಂಡೇ ಹೋದ. ಒಳಗೆ ಬಂದಾಗ ಕಾಕಾ ಹಳೆಯ ಪ್ಯಾಕೆಟ್ಟಿನ ಗಾಳಗಳನ್ನು ಹುಡುಕಿ ತಂದು ಮೇಜುಗಳಿಗೆ ಹಂಚುತ್ತಿದ್ದರು. ಶೋಶೋ ನನಗೆ ಒಂದು ಇಕ್ಕಳ ಕೊಟ್ಟು, ತಮ್ಮ ಪಕ್ಕದಲ್ಲಿ ಸ್ಟೂಲು ಎಳೆದು ಹಾಕಿದರು. ನಾನು ಕೂತು ಮೊದಲನೆಯ ಗಾಳವನ್ನು ನೆಟ್ಟಗೆ ಹಿಡಿದೆ.