ಬೆರಳು ತಪ್ಪಿದ ಹೆಸರು

ಆ ಸೋಮವಾರ ಬೆಳಿಗ್ಗೆ ಉಪಕೇಂದ್ರದ ಬೀಗ ತೆಗೆದವಳೇ, ಕಿಟಕಿ ಕೂಡ ತೆರೆಯದೆ, ನಿಂತಲ್ಲೇ ಟ್ಯಾಬ್ ಹಚ್ಚಿದೆ. ಅದು ನನಗೆ ಅಂಟಿದ ಚಟ. ನನ್ನ ಪಟ್ಟಿಯಲ್ಲಿದ್ದ ಬಸುರಿಯರಲ್ಲಿ ಒಬ್ಬಳ ಹೆಸರು ಕೆಂಪಾಗಿತ್ತು. ಒತ್ತಿ ನೋಡಿದೆ. ಹಿಮೋಗ್ಲೋಬಿನ್ ಐದು ಪಾಯಿಂಟ್ ನಾಲ್ಕು. ಎಂಟು ತಿಂಗಳು ತುಂಬಿದೆ.

ಹನ್ನೊಂದು ಇರಬೇಕಾದದ್ದು ಅದು. ಏಳಕ್ಕಿಂತ ಕೆಳಗಿಳಿದರೆ ದೊಡ್ಡ ಆಸ್ಪತ್ರೆಗೆ ಕಳಿಸಲೇಬೇಕು. ಐದಕ್ಕೆ ಬಂದವಳಿಗೆ ಹೆರಿಗೆಯ ಹೊತ್ತಿನಲ್ಲಿ ಒಂದು ಬಟ್ಟಲು ರಕ್ತ ಹೋದರೂ ಜೀವ ಉಳಿಯುವ ಭರವಸೆ ಇಲ್ಲ.

ನಾನು ರಾಮದುರ್ಗದವಳು. ಮುನವಳ್ಳಿಯ ಹತ್ತಿರದ ಈ ಹಳ್ಳಿಯ ಉಪಕೇಂದ್ರಕ್ಕೆ ಆರೋಗ್ಯಾಧಿಕಾರಿಯಾಗಿ ಬಂದು ಆಗ ಆರು ವರ್ಷವಾಗಿತ್ತು. ಊರವರಿಗೆ ನಾನು ಅಕ್ಕಾರು, ವಯಸ್ಸಾದವರಿಗೆ ನರ್ಸಬಾಯಿ. ಮೊದಲು ಎಲ್ಲವನ್ನೂ ದಪ್ಪ ರಿಜಿಸ್ಟರುಗಳಲ್ಲಿ ಬರೆಯುತ್ತಿದ್ದೆವು. ಒಬ್ಬಳ ರಕ್ತದ ವರದಿ ಬೇಕೆಂದರೆ ಮೂರು ಪುಸ್ತಕ ತಿರುವಿಹಾಕಬೇಕಿತ್ತು. ಟ್ಯಾಬ್ ಬಂದಾಗ ಹಳೆಯ ಸಿಸ್ಟರ್‌ಗಳು ಗೊಣಗಿದರು. ನಾನು ಮಾತ್ರ ಹಿಗ್ಗಿದೆ. ಸವದತ್ತಿಯ ತರಬೇತಿಯಲ್ಲಿ ನಾನೇ ಮುಂದೆ ನಿಂತು ಉಳಿದವರಿಗೆ ಕಲಿಸಿಕೊಟ್ಟವಳು. "ಇದರಾಗ ಒಮ್ಮೆ ಹಾಕಿದ್ರ ಮುಗೀತ್ರಿ, ಮರತ ಹೋಗೂ ಮಾತ ಇಲ್ಲ" ಎಂದು ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಕೆಂಪು ಬಿದ್ದವಳು ಗಿರಣಿ ಓಣಿಯ ಸೊಸೆ. ಚೊಚ್ಚಲ ಹೆರಿಗೆಗೆಂದು ಹಿಂದಿನ ವಾರವೇ ತವರಿಗೆ ಹೋಗಿದ್ದಳು. ತವರು ಬೈಲಹೊಂಗಲ ತಾಲೂಕು, ಸಂಗೊಳ್ಳಿ. ಟ್ಯಾಬಿನಲ್ಲಿದ್ದದ್ದು ಅವಳ ಗಂಡನ ಫೋನ್ ನಂಬರು. ಬಂದ್ ಇತ್ತು. ಸಂಗೊಳ್ಳಿ ಕಡೆಯ ಸಿಸ್ಟರ್‌ಗೆ ಫೋನ್ ಹಚ್ಚಿದೆ. ಅವರು ಬೆಳಗಾವಿಯಲ್ಲಿ ಮೀಟಿಂಗ್‌ಗೆ ಕುಳಿತಿದ್ದರು. "ನಾಳೆ ಮುಂಜಾನಿ ನಾನ ಹೋಗಿ ನೋಡತೇನ್ರಿ" ಎಂದು ಪಿಸುಮಾತಿನಲ್ಲಿ ಹೇಳಿ ಇಟ್ಟರು.

ನಾಳೆ ಎಂಬ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಎದ್ದೆ, ಕುಳಿತೆ, ಮತ್ತೆ ಅದೇ ನಂಬರಿಗೆ ಹಚ್ಚಿದೆ. ಹೊರಗೆ ಬಿಪಿ ಗುಳಿಗೆಗೆ ಬಂದ ಇಬ್ಬರು ಮುದುಕರು ಕಟ್ಟೆಯ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದರು. ಅವರಿಗೆ ಗುಳಿಗೆ ಕೊಟ್ಟೆ. ಅಷ್ಟರಲ್ಲಿ ನಮ್ಮೂರ ಆಶಾ ಕಾರ್ಯಕರ್ತೆ ಬಂದಳು. ಕೇಂದ್ರವನ್ನು ಅವಳಿಗೆ ಒಪ್ಪಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ದೊಡ್ಡ ಡಾಕ್ಟರಿಗೆ ಫೋನಿನಲ್ಲಿ ಹೇಳಿ, ಚೀಲದಲ್ಲಿ ಟ್ಯಾಬ್, ಬಿಪಿ ಯಂತ್ರ, ಬೆರಳು ಚುಚ್ಚಿ ರಕ್ತ ನೋಡುವ ಸಣ್ಣ ಮಷಿನ್ ತುರುಕಿಕೊಂಡು ಸ್ಕೂಟಿ ಹತ್ತಿದೆ. ಆ ಮಷಿನ್ನಿಗೆ ರಕ್ತದ ಹನಿ ಹಾಕುವ ಪಟ್ಟಿಗಳು ಒಂದು ತಿಂಗಳಿಂದ ಖಾಲಿಯಾಗಿದ್ದು ಶನಿವಾರ ಸಂಜೆಯಷ್ಟೇ ಬಂದಿದ್ದವು. ಅವು ಇಲ್ಲದ್ದಕ್ಕೇ ಎಲ್ಲರ ರಕ್ತವನ್ನು ತಾಲೂಕಿನ ಲ್ಯಾಬಿಗೆ ಕಳಿಸಬೇಕಾಗಿ ಬಂದಿತ್ತು.

ದಾರಿಯುದ್ದಕ್ಕೂ ನನ್ನ ತಲೆ ಸುಮ್ಮನಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಾಗಲೆಲ್ಲ ಹಾರ್ನ್ ಒತ್ತುತ್ತಿದ್ದೆ. ಬೈಲಹೊಂಗಲ ದಾಟುವ ಹೊತ್ತಿಗೆ ಮೂರು ಸಲ ಗಾಡಿ ನಿಲ್ಲಿಸಿ ಫೋನ್ ನೋಡಿದ್ದೆ.

ಸಂಗೊಳ್ಳಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪಡಸಾಲೆಯಲ್ಲಿ ಕುಳಿತು ಶೇಂಗಾ ಒಡೆಯುತ್ತಿದ್ದ ಹುಡುಗಿ ನನ್ನನ್ನು ಕಂಡು ಧಡಕ್ಕನೆ ಎದ್ದಳು. ಎದ್ದ ರೀತಿಗೇ ನನ್ನ ಹೆಜ್ಜೆ ನಿಂತಿತು. ಐದು ಪಾಯಿಂಟ್ ನಾಲ್ಕು ಇದ್ದವಳು ಹಾಗೆ ಏಳುವುದಿಲ್ಲ.

"ಅಯ್ಯ ಅಕ್ಕಾರ, ನೀವ ಇಲ್ಲಿತನಕ ಬಂದ್ರೇನು? ಬರ್ರಿ, ಕುಂದರ್ರಿ" ಎಂದಳು.

ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪಗಿತ್ತು. ನಾಲಿಗೆ ನೋಡಿದೆ. ಉಗುರು ನೋಡಿದೆ. ಅವಳ ತಾಯಿ ಒಳಗಿನಿಂದ ನೀರಿನ ಚೊಂಬು ಹಿಡಿದು ಬಂದವಳು ಅಲ್ಲೇ ನಿಂತು, "ಯಾಕ್ರಿ ಬಾಯಿ, ನನ್ನ ಮಗಳಿಗೆ ಏನ ಆಗೇತ್ರಿ?" ಎಂದು ಕೇಳಿದಳು. ನಾನು ಹುಡುಗಿಯ ಬೆರಳು ಚುಚ್ಚಿದೆ. ಮಷಿನ್ ಹನ್ನೊಂದು ಪಾಯಿಂಟ್ ಮೂರು ತೋರಿಸಿತು. ನಂಬಿಕೆ ಬರದೆ ಇನ್ನೊಂದು ಬೆರಳು ಚುಚ್ಚಿದೆ. ಅದೇ ಅಂಕಿ.

ಆಗ ನನಗೆ ತಿಳಿಯಿತು.

ನಮ್ಮ ಕಡೆ ಸವದತ್ತಿ ಗುಡ್ಡದ ದೇವಿಯ ಹೆಸರು ಮೂರು ಮನೆಗೊಬ್ಬಳಿಗೆ ಇರುತ್ತದೆ. ನನ್ನ ಪಟ್ಟಿಯಲ್ಲಿ ಅದೇ ಹೆಸರಿನ ಬಸುರಿಯರು ಇಬ್ಬರು: ಈ ಗಿರಣಿ ಓಣಿಯವಳು, ಮತ್ತು ಬಾವಿ ಓಣಿಯವಳು. ಇಬ್ಬರ ರಕ್ತವನ್ನೂ ಒಂದೇ ದಿನ ತೆಗೆದಿದ್ದೆ. ಟ್ಯಾಬಿನಲ್ಲಿ ಎರಡು ಹೆಸರು ಒಂದರ ಕೆಳಗೊಂದು ನಿಂತಿದ್ದವು. ಒಬ್ಬಳ ರಕ್ತದ ನಳಿಕೆಗೆ ಇನ್ನೊಬ್ಬಳ ನಂಬರು, ಅವಳದಕ್ಕೆ ಇವಳದು ಹಚ್ಚಿದ್ದೆ. ಬೇರೆ ಯಾರೂ ಅಲ್ಲ, ನನ್ನ ಈ ಬೆರಳೇ.

ಬಾವಿ ಓಣಿಯವಳ ವರದಿ ಎಂದು ಶನಿವಾರ ಬಂದದ್ದು ಹನ್ನೊಂದು ಪಾಯಿಂಟ್ ಎರಡು, ಹಸಿರು. ಅಂದು ಅವಳು ಕೇಂದ್ರದ ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ, "ಅಕ್ಕಾರ, ಕೊಡ ಎತ್ತಿದ್ರ ಕಣ್ಣ ಕತ್ತಲಿ ಬರತಾವ್ರಿ" ಎಂದಿದ್ದಳು. ನಾನು ಅವಳ ಮುಖ ನೋಡಲಿಲ್ಲ. ಪರದೆ ನೋಡಿದೆ. "ರಕ್ತ ಚಲೋ ಐತಿ, ಅಂಜಬ್ಯಾಡ. ದಿನ ತುಂಬಾಕ ಬಂದಾಗ ಹಂಗ ಆಗತೈತಿ" ಎಂದು ಹೇಳಿ ಕಳಿಸಿದ್ದೆ.

ಸಂಗೊಳ್ಳಿಯ ಆ ಪಡಸಾಲೆಯಲ್ಲಿ ಮಷಿನ್ನನ್ನು ಮತ್ತೆ ಚೀಲಕ್ಕೆ ತುರುಕಿದೆ. ತಾಯಿಗೆ "ನಿಮ್ಮ ಮಗಳು ಆರಾಮ ಅದಾಳ್ರಿ, ತಪ್ಪು ಬ್ಯಾರೆ ಕಡೆ ಆಗೇತಿ" ಎಂದು ಎರಡೇ ಮಾತಿನಲ್ಲಿ ಹೇಳಿ, ನೀರನ್ನೂ ಕುಡಿಯದೆ ಹೊರಬಂದು ಆಶಾಗೆ ಫೋನ್ ಹಚ್ಚಿದೆ.

"ಬಾವಿ ಓಣ್ಯಾಕಿ ಎಲ್ಲಿ ಅದಾಳ? ಈಗಿಂದೀಗ ಅಕಿನ್ನ ನೋಡಬೇಕು."

"ಅಕಿ ಊರಾಗ ಇಲ್ರಿ ಅಕ್ಕಾರ. ನಿನ್ನೆನ ಕಿತ್ತೂರಿಗೆ ಹೋಗ್ಯಾಳ್ರಿ, ಅಕ್ಕನ ಮನಿಗೆ. ಇವತ್ತ ಕುಬಸ ಐತಲ್ರಿ."

ತಾಯಿಯಿಲ್ಲದ ಹುಡುಗಿ ಅವಳು. ಕುಬಸವೆಂಬ ಸೀಮಂತ ಮಾಡಿ ಉಡಿ ತುಂಬಲು ಅವಳಿಗೆ ಅಕ್ಕನೇ ತವರು. ಗಂಡ ಲಾರಿಯ ಮೇಲೆ ಮಹಾರಾಷ್ಟ್ರಕ್ಕೆ ಹೋಗಿದ್ದ. ಆಶಾ ನೆರೆಮನೆಯವರನ್ನು ಕೇಳಿ ಅಕ್ಕನ ನಂಬರು ಹುಡುಕಿಕೊಟ್ಟಳು. ನಾಲ್ಕನೆಯ ಸಲಕ್ಕೆ ಯಾರೋ ಎತ್ತಿದರು. ಹಿಂದೆ ಹೆಂಗಸರ ಹಾಡು, ಪಾತ್ರೆಗಳ ಸಪ್ಪಳ.

"ಹಾಂ, ಇಲ್ಲೇ ಅದಾಳ್ರಿ, ಆರಾಮ ಅದಾಳ. ನೀವೂ ಊಟಕ್ಕ ಬರ್ರಿ" ಎಂದಿತು ಆ ದನಿ.

"ಅಕಿನ್ನ ದವಾಖಾನಿಗೆ ಕರಕೊಂಡ ಹೋಗ್ರಿ, ಈಗ" ಎಂದು ಕೂಗಿದೆ. ಅವರಿಗೆ ಕೇಳಿಸಿತೋ ಇಲ್ಲವೋ, ಫೋನ್ ಕಟ್ಟಾಯಿತು. ಮತ್ತೆ ಯಾರೂ ಎತ್ತಲಿಲ್ಲ.

ಕಿತ್ತೂರಿಗೆ ಹೋಗುವ ಆ ದಾರಿಯಲ್ಲಿ ನಾನು ಏನೇನು ಎಣಿಸಿದೆ ಎಂಬುದನ್ನು ಪೂರ್ತಿ ಬರೆಯಲಾರೆ. ನೋವು ಶುರುವಾಗಿಬಿಟ್ಟರೆ? ಬಸ್ಸಿನಲ್ಲಿ ನಿಂತು ಬಂದಿದ್ದಾಳೋ ಏನೋ. ಮನೆಯವರು ಕೇಳಿದರೆ ಏನು ಹೇಳುವುದು? ಲ್ಯಾಬಿನವರ ತಪ್ಪು ಎನ್ನಬಹುದಲ್ಲ ಎಂಬ ಯೋಚನೆಯೂ ಬಂತು. ಟ್ಯಾಬಿನದು ಎನ್ನಬಹುದು, ನೆಟ್‌ವರ್ಕ್ ಎನ್ನಬಹುದು, ಯಾರು ಕೇಳುತ್ತಾರೆ? ಆ ಯೋಚನೆ ಬಂದಿತ್ತು ಎಂದು ಒಪ್ಪಿಕೊಳ್ಳುವುದೇ ಈ ಬರಹದ ಮರ್ಯಾದೆ.

ಕಿತ್ತೂರಿನ ಅಕ್ಕನ ಮನೆ ಮುಂದೆ ಚಪ್ಪಲಿಗಳ ರಾಶಿ ಇತ್ತು. ಒಳಗೆ ಹಸಿರು ಸೀರೆ ಉಟ್ಟು, ಮೊಣಕೈವರೆಗೆ ಹಸಿರು ಬಳೆ ತೊಟ್ಟು, ತಲೆತುಂಬ ಹೂವು ಮುಡಿದು ಅವಳು ಮಣೆಯ ಮೇಲೆ ಕುಳಿತಿದ್ದಳು. ಅಷ್ಟು ಹಸಿರಿನ ನಡುವೆ ಅವಳ ಮುಖ ಸುಣ್ಣದ ಗೋಡೆಯಂತಿತ್ತು. ಬಾಯಿ ತೆರೆದು ಉಸಿರಾಡುತ್ತಿದ್ದಳು. ಶನಿವಾರವೂ ಆ ಮುಖ ಹೀಗೇ ಇದ್ದಿರಬೇಕು.

"ಅಕ್ಕಾರ ಬಂದ್ರು" ಎಂದು ನಕ್ಕಳು.

ನಾನು ಹೆಂಗಸರನ್ನು ಸರಿಸಿ ಅವಳ ಹತ್ತಿರ ಕುಳಿತೆ. ಅವಳ ಅಕ್ಕ ಆರತಿ ತಟ್ಟೆ ಹಿಡಿದುಕೊಂಡೇ, "ಒಂದ ತಾಸ ತಡೀರಿ ಬಾಯಿ, ಉಡಿ ತುಂಬಿ ಕಳಸ್ತೇವಿ" ಎಂದಳು.

"ಒಂದ ತಾಸೂ ಬ್ಯಾಡವಾ. ಇಕಿ ಮೈಯಾಗ ಇರಬೇಕಾದ ರಕ್ತದಾಗ ಅರ್ಧಾನೂ ಇಲ್ಲ."

ಮಣೆಯ ಮೇಲಿದ್ದವಳು ನನ್ನ ಮುಖವನ್ನೇ ನೋಡಿದಳು. "ಶನಿವಾರ ನೀವ ಚಲೋ ಐತಿ ಅಂದ್ರಲ್ರಿ?"

ಹಾಡು ನಿಂತಿತು. ಅಷ್ಟು ಜನರ ಕಣ್ಣು ನನ್ನ ಮೇಲೆ.

"ತಪ್ಪ ಹೇಳಿದ್ನಿ. ನಿನ್ನ ರಕ್ತಕ್ಕ ಇನ್ನೊಬ್ಬಾಕಿ ನಂಬರ ಹಚ್ಚಿದ್ನಿ. ಮಷಿನ್ದಲ್ಲ, ನಂದ ತಪ್ಪು."

ಅಕ್ಕ ತಟ್ಟೆಯನ್ನು ಕೆಳಗಿಟ್ಟಳು. "ಹಂಗಾರ ಇವತ್ತ ನೀವ ಹೇಳೂದರ ಖರೇ ಅಂತ ಹೆಂಗ ನಂಬೂನ್ರಿ?"

ಮಷಿನ್ ತೆಗೆದು, ಎಲ್ಲರ ಎದುರಿಗೆ ಹುಡುಗಿಯ ಬೆರಳು ಚುಚ್ಚಿದೆ. ರಕ್ತ ತೆಳ್ಳಗೆ, ನೀರು ಬೆರೆಸಿದ ಹಾಗೆ ಬಂತು. ಐದು ಪಾಯಿಂಟ್ ಒಂದು. ಅಕ್ಕ ತನ್ನ ಕೈ ಮುಂದೆ ಚಾಚಿದಳು. "ನಂದೂ ಚುಚ್ಚರಿ." ಚುಚ್ಚಿದೆ. ಅವಳದು ಹತ್ತು ಪಾಯಿಂಟ್ ಎಂಟು. ಅವಳು ಆ ಅಂಕಿಯನ್ನು ಬಹಳ ಹೊತ್ತು ನೋಡಲಿಲ್ಲ. ತನ್ನ ಬೆರಳ ತುದಿಯ ಹನಿಯನ್ನೂ ತಂಗಿಯ ಬೆರಳ ಹನಿಯನ್ನೂ ಅಕ್ಕಪಕ್ಕ ಹಿಡಿದು ನೋಡಿದಳು. ಆಮೇಲೆ, "ಏಳವಾ, ಸೀರಿ ಬದಲ ಮಾಡೂದ ಬ್ಯಾಡ" ಎಂದಳು.

ನಾನು ಟ್ಯಾಬಿನಲ್ಲಿ ದೊಡ್ಡ ಊರಿನ ಹೆರಿಗೆ ಡಾಕ್ಟರಿಗೆ ವಿಡಿಯೋ ಕರೆ ಹಚ್ಚಿದೆ. ನನಗಿಂತ ಮುಂದೆ ಏಳು ಮಂದಿ ಕಾಯುತ್ತಿದ್ದರು. ತುರ್ತು ಎಂದು ಬರೆದೆ. ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದೆ. ಅಷ್ಟು ಹೊತ್ತಿಗೆ 108 ಗಾಡಿಗೂ ಫೋನ್ ಮಾಡಿ ಆಗಿತ್ತು. ಕೊನೆಗೆ ಪರದೆಯ ಮೇಲೆ ಕನ್ನಡಕ ಹಾಕಿದ ಡಾಕ್ಟರ ಬಾಯಿಯ ಮುಖ ಮೂಡಿತು. ಕಣ್ರೆಪ್ಪೆ ತೋರಿಸಲು ಹೇಳಿದರು. ಕಾಲು ಒತ್ತಿಸಿದರು, ಬಾವು ಇತ್ತು. ಒಂದು ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಲು ಹೇಳಿ, ತಾವೂ ಸುಮ್ಮನೆ ನೋಡುತ್ತ ಕುಳಿತರು.

"ಅಡ್ಡ ಮಲಗಿಸಬ್ಯಾಡ್ರಿ, ಒರಗಿಸಿ ಕುಂದರಸ್ರಿ. ಬೆಳಗಾವಿಗೇ ಹೋಗಲಿ, ನಡುವ ಎಲ್ಲೂ ನಿಲ್ಲಬ್ಯಾಡ್ರಿ. ರಕ್ತದ ಗುಂಪು ಇದರಾಗ ಓ ಪಾಸಿಟಿವ್ ಅಂತ ಐತಿ."

"ಮೇಡಂ, ಅದನ್ನ ನಂಬಬ್ಯಾಡ್ರಿ" ಎಂದೆ. "ಎರಡು ನಳಿಕಿ ನಂಬರ ನಾನ ಅದಲಬದಲ ಮಾಡೇನಿ, ಅದೂ ಆ ನಳಿಕೀದ."

ಅವರು ಬರೆದದ್ದನ್ನು ಹೊಡೆದುಹಾಕಿದರು. "ಹೇಳಿದ್ದು ಚಲೋ ಆತು" ಎಂದರಷ್ಟೇ. "ಅಲ್ಲಿ ಹೊಸದಾಗಿ ನೋಡೇ ಕೊಡತಾರ. ಎರಡೂ ಗುಂಪಿನ ಬಾಟ್ಲಿ ಎಲ್ಲಿ ಅದಾವು ಅಂತ ನಾನ ನೋಡತೇನಿ." ಯಾವ ರಕ್ತನಿಧಿಯಲ್ಲಿ ಏನಿದೆ ಎಂದು ಅವರು ಅಲ್ಲೇ ಕುಳಿತು ಹುಡುಕಿದರು. ಟ್ಯಾಬಿನಲ್ಲಿ ಗಿರಣಿ ಓಣಿಯವಳದೆಂದು ಇದ್ದ ಗುಂಪು ಬಿ. ಇಬ್ಬರಲ್ಲಿ ಯಾರದು ಯಾವುದೋ, ಎರಡಕ್ಕೂ ಹೇಳಿಟ್ಟರು.

108 ಗಾಡಿ ಬಂದಾಗ ಅವರೊಡನೆ ನಾನೂ ಹತ್ತಿ ಕುಳಿತೆ. ಹುಡುಗಿಯ ಹಸಿರು ಬಳೆಗಳು ದಾರಿಯುದ್ದಕ್ಕೂ ಸಪ್ಪಳ ಮಾಡುತ್ತಿದ್ದವು. ಅವಳ ಅಕ್ಕ ತಂಗಿಯನ್ನು ಹೆಗಲಿಗೆ ಒರಗಿಸಿಕೊಂಡು ನನಗೆ ಬೆನ್ನು ಹಾಕಿ ಕುಳಿತಿದ್ದಳು. ಬೆಳಗಾವಿಯ ಆಸ್ಪತ್ರೆಯಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಯಾರೂ ಚೀಟಿ ಕೇಳಲಿಲ್ಲ, ಎಲ್ಲಿಂದ ಬಂದಿರಿ ಎಂದು ಕೇಳಲಿಲ್ಲ. ಡಾಕ್ಟರ ಬಾಯಿ ಬರೆದದ್ದು ನಮಗಿಂತ ಮೊದಲೇ ಅಲ್ಲಿ ಮುಟ್ಟಿತ್ತು, ಹಾಸಿಗೆ ತಯಾರಿತ್ತು. ಹೊಸದಾಗಿ ನೋಡಿದಾಗ ಅವಳ ಗುಂಪು ಬಿ ಬಂತು. ಬಾಟಲಿ ಕಾಯ್ದಿಟ್ಟಿದ್ದರು.

ನಾಲ್ಕು ದಿನದಲ್ಲಿ ಅವಳಿಗೆ ಮೂರು ಬಾಟಲಿ ರಕ್ತ ಕೊಟ್ಟರು, ನಿಧಾನವಾಗಿ, ಎದೆಗೆ ಭಾರವಾಗದ ಹಾಗೆ. ಮೂರು ವಾರದ ಮೇಲೆ ಅಲ್ಲೇ ಹೆರಿಗೆಯಾಯಿತು. ಹೆಣ್ಣುಮಗು, ತೂಕ ಕಡಿಮೆ, ಅಳು ಜೋರು. ಸುದ್ದಿಯನ್ನು ನನಗೆ ಹೇಳಿದವಳು ಅವಳ ಅಕ್ಕ. ಕೂಸು ಹುಟ್ಟಿದ ಹೊತ್ತು, ತೂಕ ಎರಡನ್ನೇ ಹೇಳಿ ಫೋನ್ ಇಟ್ಟಳು.

ನನ್ನ ತಳಮಳ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ತಪ್ಪನ್ನು ಬರೆದು ಕೊಡಲು ಹೋದರೆ ಕಚೇರಿಯ ಹಿರಿಯರೊಬ್ಬರು, "ಯಾರಿಗೂ ಏನೂ ಆಗಿಲ್ಲಲ್ಲ, ಯಾಕ ಕೈಯಾರೆ ಬರದು ಕೊಡತೀರಿ?" ಎಂದರು. ಬರೆದೇ ಕೊಟ್ಟೆ. ಆದರೆ ಟ್ಯಾಬಿನಲ್ಲಿ ಒಮ್ಮೆ ಸೇರಿದ ವರದಿಯನ್ನು ತೆಗೆಯಲು ನಮಗೆ ಬರುತ್ತಿರಲಿಲ್ಲ; ಬೆಂಗಳೂರಿಗೆ ಬರೆಯಬೇಕು, ಅವರು ತೆರೆಯಬೇಕು. ಅಲ್ಲಿಯವರೆಗೆ ಗಿರಣಿ ಓಣಿಯವಳ ಹೆಸರು ಕೆಂಪಾಗಿಯೇ ಉಳಿಯಿತು. ಅವಳ ಗಂಡನ ಫೋನಿಗೆ ವಾರಕ್ಕೊಮ್ಮೆ ಅಪಾಯದ ಮೆಸೇಜು ಹೋಗುತ್ತಿತ್ತು. ಅವಳ ತಾಯಿ ಸಂಗೊಳ್ಳಿಯಿಂದ ಫೋನ್ ಮಾಡಿ, "ಆರಾಮ ಅದಾಳ ಅಂತ ನೀವ ಬಾಯಿಲೆ ಹೇಳಿ ಹೋದ್ರಿ, ಅಳಿಯನ ಫೋನ್ ನೋಡಿದ್ರ ಸಾಯ್ತಾಳ ಅಂತೈತಿ. ಯಾರ ಮಾತ ಕೇಳೂನ್ರಿ?" ಎಂದು ಬೈದಳು. ಬೈಲಹೊಂಗಲದಲ್ಲಿ ಹೆರಿಗೆಗೆ ಸೇರಿದ ದಿನವೂ ಆ ಕೆಂಪು ಕಂಡು ಅವಳ ಬೆರಳನ್ನು ಮತ್ತೆರಡು ಸಲ ಚುಚ್ಚಿದರಂತೆ. ಅವಳಿಗೂ ಸುಸೂತ್ರವಾಯಿತು, ಗಂಡುಮಗು. ಆ ಕೆಂಪು ಹೋದದ್ದು ಮಗುವಿಗೆ ಎರಡು ತಿಂಗಳಾದ ಮೇಲೆ.

ಸವದತ್ತಿಯ ಮುಂದಿನ ಮೀಟಿಂಗಿನಲ್ಲಿ, ತರಬೇತಿ ಕೊಟ್ಟ ಅದೇ ಸಭಾಗೃಹದಲ್ಲಿ, ಎದ್ದು ನಿಂತು ನಡೆದದ್ದನ್ನು ಹೇಳಿದೆ. ಆಮೇಲೆ ಹಿಂದಿನ ಸಾಲಿನ ಹಿರಿಯ ಸಿಸ್ಟರ್ ಒಬ್ಬರು, "ನನಗೂ ಹಂಗ ಆಗಿತ್ರಿ, ಬಿಪಿದಾಗ" ಎಂದರು. ಇನ್ನೊಬ್ಬರು ಚುಚ್ಚುಮದ್ದು ಎಂದರು. ಊಟದ ಹೊತ್ತಿಗೆ ಐದು ಮಂದಿಯಾಗಿದ್ದರು. ಒಬ್ಬರೂ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಕೆಲವು ತಿಂಗಳ ಮೇಲೆ ಟ್ಯಾಬಿನಲ್ಲಿ ಒಂದೇ ಹೆಸರು ಎರಡು ಸಲ ಇದ್ದರೆ ಎಚ್ಚರಿಕೆಯ ಹಳದಿ ಪಟ್ಟಿ ಕಾಣಿಸತೊಡಗಿತು. ನಮ್ಮ ಮಾತಿಗೆ ಬಂತೋ, ಬೇರೆಲ್ಲೋ ಯಾರಿಗೋ ಏನೋ ಆಗಿ ಬಂತೋ, ನನಗೆ ಗೊತ್ತಾಗಲಿಲ್ಲ.

ಬಾವಿ ಓಣಿಯವಳು ಕೂಸಿಗೆ ಚುಚ್ಚುಮದ್ದು ಹಾಕಿಸಲು ಬಂದಳು. ಕೆನ್ನೆಗೆ ಬಣ್ಣ ಬಂದಿತ್ತು. ನಾನು ಟ್ಯಾಬ್ ತೆರೆದೊಡನೆ ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು, ಕೇಳದೆಯೇ ಅದನ್ನು ತನ್ನ ಕಡೆ ತಿರುಗಿಸಿಕೊಂಡಳು. ತನ್ನ ಹೆಸರು, ಗಂಡನ ಹೆಸರು, ಓಣಿ, ಒಂದೊಂದನ್ನೂ ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ ಕೂಸಿನ ತೊಡೆಯ ಮೇಲಿನ ಬಟ್ಟೆ ಸರಿಸಿದಳು.

"ಈಗ ಹಾಕ್ರಿ, ಅಕ್ಕಾರ."