ಬಾಷಾ ಸಾಬರ ತಗಡಿನ ಬಾಲ

ಬಾಷಾ ಸಾಬರ ಸೈಕಲ್ಲಿನ ಹ್ಯಾಂಡಲ್ಲಿಗೆ ಸದಾ ಒಂದು ತಗಡು ತೂಗುತ್ತಿತ್ತು. ಅದರಲ್ಲಿ ಎ, ಟಿ, ಐ, ಓ, ಎನ್ ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಕೊರೆದಿದ್ದರು. ಕೆ.ಆರ್. ಪೇಟೆಯಿಂದ ನಾಗಮಂಗಲದವರೆಗೆ ಎಜುಕೇಶನ್, ಕಾರ್ಪೊರೇಶನ್, ಅಡ್ಮಿನಿಸ್ಟ್ರೇಶನ್ ಎಂಬ ಉದ್ದುದ್ದ ಪದಗಳೆಲ್ಲ ಆ ತಗಡಿನಲ್ಲೇ ಮುಗಿಯುತ್ತಿದ್ದವು. ಬೋರ್ಡು ಬರೆಯುವ ಸಾಬರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಚೀಟಿ ನೋಡಿಕೊಂಡು ಮೊದಲ ಅಕ್ಷರಗಳನ್ನು ಕೈಯಲ್ಲೇ ಬರೆದು, ಕೊನೆಗೆ ತಗಡಿಟ್ಟು ಬಣ್ಣ ಹೊಡೆಯುತ್ತಿದ್ದರು.

"ಮೂತಿ ಯಾವ್ದಾರ ಇರ್ಲಿ ಸ್ವಾಮಿ, ಬಾಲ ಎಲ್ಲಕ್ಕೂ ಒಂದೇಯ," ಎನ್ನುತ್ತಿದ್ದರು. ಹೊಸ ಬೋರ್ಡಿನ ಮಾತು ಬಂದರೆ ಅವರ ಮೊದಲ ಪ್ರಶ್ನೆ, "ಬಾಲ ಐತಾ?" ಇಲ್ಲವೆಂದರೆ ಮುಖ ಸಪ್ಪಗಾಗುತ್ತಿತ್ತು.

ನಾನು ಪೇಟೆಯ ವರ್ತಕರ ಅಸೋಸಿಯೇಶನ್ ಒಂದರ ಗುಮಾಸ್ತ. ಎಲ್ಲರಿಗೂ ಹೂಂಗುಟ್ಟಿ ಹೂಂಗುಟ್ಟಿ ಸವೆದವನು. ನಮ್ಮ ಬೋರ್ಡು ಮಾಸಿದಾಗ ಅಧ್ಯಕ್ಷರು ಫ್ಲೆಕ್ಸ್ ಹಾಕಿಸಿ ಎಂದರು. ಫ್ಲೆಕ್ಸ್ ಬಂದ ಮೇಲೆ ಸಾಬರಿಗೆ ಕೆಲಸವೇ ಇರಲಿಲ್ಲ. ಇದೊಂದು ಸಲ ಅವರೇ ಬರೆಯಲಿ ಎಂದು ಬೇಡಿಕೊಂಡೆ. ನಾನು ಹೂಂಗುಟ್ಟದೆ ಇದ್ದದ್ದು ಅದೊಂದೇ ಸಲ.

ಸಾಬರು ಬೆಳಗಿನಿಂದ ಏಣಿಯ ಮೇಲಿದ್ದರು. ಮುಗಿದಾಗ ಕೆಳಗಿನಿಂದ ನೋಡಿದೆ. ಕೈಯಲ್ಲಿ ಬರೆದ ಅಕ್ಷರಗಳೆಲ್ಲ ಓಡುವ ಬಸ್ಸಿನಲ್ಲಿ ಕೂತು ಬರೆದಂತೆ ನಡುಗುತ್ತಿದ್ದವು. ಕೊನೆಯ ಐದು ಮಾತ್ರ ನೆಟ್ಟಗಿದ್ದವು.

"ಏನ್ರೀ ಇದು, ಅರ್ಧ ಕುಣೀತಾ ಐತೆ! ಫ್ಲೆಕ್ಸೇ ಹಾಕ್ಸಿ. ಅವ್ರಿಗೆ ನೀವೇ ಹೇಳ್ಬುಡಿ," ಎಂದು ನನ್ನ ಕಿವಿಯಲ್ಲಿ ಗೊಣಗಿ ಅಧ್ಯಕ್ಷರು ಹೊರಟುಹೋದರು.

ನನ್ನಿಂದ ಹೇಳಲಾಗಲಿಲ್ಲ. ಟೀ ತರಿಸಿಕೊಟ್ಟು, "ಚೆನ್ನಾಗೈತೆ ಸಾಬ್ರೇ," ಎಂದೆ.

ಅವರು ಲೋಟ ಹಿಡಿದು ರಸ್ತೆಯಾಚೆ ಹೋಗಿ ನಿಂತು ಬಹಳ ಹೊತ್ತು ಬೋರ್ಡನ್ನೇ ನೋಡಿದರು. ಟೀ ತುಳುಕಿ ಅಂಗಿಯ ಮೇಲೆ ಬೀಳುತ್ತಿತ್ತು. ವಾಪಸು ಬಂದವರೇ ಏಣಿ ಹತ್ತಿ, ಇನ್ನೂ ಹಸಿಯಾಗಿದ್ದ ಬಣ್ಣವನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿಹಾಕಿದರು. ತಗಡಿನ ಐದು ಅಕ್ಷರಗಳನ್ನು ಮುಟ್ಟಲಿಲ್ಲ.

"ಕೈ ಅಲ್ಲಾಡ್ತಾ ಐತೆ ಅಂತ ಹತ್ರದಲ್ಲಿ ನಂಗೆ ಕಾಣ್ನಿಲ್ಲ. ನಿಮ್ಗೆ ಕಂಡಿತ್ತು. ಇಷ್ಟ್ ವರ್ಸದ ದೋಸ್ತಿ, ನೀವಾರ ಹೇಳ್ಬಾರ್ದಿತ್ತಾ ಸ್ವಾಮಿ?"

ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಸೈಕಲ್ ಹತ್ತದೆ ತಳ್ಳಿಕೊಂಡೇ ಹೋದರು.

ಮತ್ತೆ ಅವರು ಪೇಟೆಯ ಕಡೆ ಬರಲಿಲ್ಲ. ನಾನೂ ಅವರ ಮನೆಗೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಮೊನ್ನೆ ಅವರು ತೀರಿಕೊಂಡ ಸುದ್ದಿಯನ್ನು ಟೀ ಅಂಗಡಿಯವನು ಹೇಳಿದ.

ಆ ಬೋರ್ಡಿನ ಮೇಲೆಯೇ ಫ್ಲೆಕ್ಸ್ ಹೊಡೆಸಿದ್ದೇವೆ. ಗಾಳಿಗೆ ಅದರ ತುದಿ ಎದ್ದಾಗ ಸಾಬರ ಐದು ಅಕ್ಷರ ಕಾಣುತ್ತವೆ. ನಾನು ತಲೆ ಬಗ್ಗಿಸಿಕೊಂಡು ಒಳಗೆ ಹೋಗುತ್ತೇನೆ.